ಇಂಗ್ಲಿಷರ ಮನೆಯ ಒಲೆ

ಇಂಗ್ಲಿಷರ ಮನೆ ಕಟ್ಟಲು, ಹಗ್ಗ ಹೊಸೆಯುವ ಮಾಂಗರ ಓಣಿಯ ಜಾನಕಿಬಾಯಿಯೇ ಬೇಕಾದಳು.

ಔರಾದಿನಲ್ಲಿ ಸಿಮೆಂಟ್ ಕೆಲಸದವರಿಗೆ ಬರವಿರಲಿಲ್ಲ. ಆದರೆ ತೊಗರಿ ಕಟ್ಟಿಗೆ ಹೆಣೆದು, ಎರಡೂ ಮೈಗೆ ಕೆಸರು ಮೆತ್ತಿ, ಗಾಳಿ ನುಗ್ಗದ ಗೋಡೆ ನಿಲ್ಲಿಸುವ ಕೈಗಳು ಆ ಓಣಿಯಲ್ಲಿ ಮಾತ್ರ ಉಳಿದಿದ್ದವು. ಅದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇರಲಿಲ್ಲ. ಇಟ್ಟಿಗೆ ಕೊಳ್ಳಲಾಗದವರು ಕಟ್ಟಿಗೆ ಹೆಣೆಯುತ್ತಿದ್ದರು, ಅಷ್ಟೇ.

ಓಣಿಗೆ ಹೊಂದಿಕೊಂಡೇ ಶಾಲೆ ಇತ್ತು. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ. ಅದರ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಎಂಟನೆಯ ತರಗತಿಯವರು ನಾಟಕ ಆಡುವವರಿದ್ದರು. ಇಂಗ್ಲಿಷರು ಮೊದಮೊದಲು ಅಮೆರಿಕಕ್ಕೆ ಯಾಕೆ ಹೋದರು, ಹೋಗಿ ಹೇಗೆ ಬದುಕಿದರು ಅನ್ನುವುದು ನಾಟಕ. ಇತಿಹಾಸ ಕಲಿಸುವ ಮಂಜಿರಿ ಟೀಚರ್ ಬರೆದಿದ್ದರು. ರಟ್ಟಿನ ಮನೆ ಬೇಡ, ನಿಜವಾದದ್ದೇ ಬೇಕು ಎಂದು ಶಾಲೆಯ ಅಧ್ಯಕ್ಷ ಗೋವಿಂದರಾವ ಹೇಳಿದರು. ಅವರು ಭಾಲ್ಕಿಯವರು. ಬೀದರಿನಿಂದ ದೊಡ್ಡ ಮಂದಿಯನ್ನು ಕರೆದಿದ್ದರು. ಆ ಮಂದಿ ಮನೆಯ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕಿತ್ತು.

ಜಾನಕಿಬಾಯಿ ಸೀರೆ ಎತ್ತಿ ಕಚ್ಚೆ ಬಿಗಿದು ಮಣ್ಣಿಗೆ ಇಳಿದಳು.

ಕೆಂಪು ಮಣ್ಣು, ಹೊಟ್ಟು, ಶೆಗಣಿ, ನೀರು. ಮೊದಲು ಮಣ್ಣು ಕಾಲನ್ನು ಬಿಡುವುದಿಲ್ಲ. ಹಿಡಿದು ಎಳೆಯುತ್ತದೆ. ತುಳಿಯುತ್ತ ಹೋದರೆ ತೊಡೆ ನಡುಗುತ್ತದೆ, ಸೊಂಟ ಕಡಿಯುತ್ತದೆ. ಆಮೇಲೆ ಮಣ್ಣು ಬೆಣ್ಣೆಯಾಗುತ್ತದೆ, ಕಾಲು ಸತ್ತಿರುತ್ತದೆ. ಹೊಟ್ಟಿನಲ್ಲಿದ್ದ ಮುಳ್ಳು ಹಿಮ್ಮಡಿಗೆ ಹೊಕ್ಕಿದ್ದು ಅವಳಿಗೆ ಸಂಜೆ ಮನೆಗೆ ಹೋಗಿ ಕಾಲು ತೊಳೆದಾಗ ಗೊತ್ತಾಯಿತು. ಕಟ್ಟಿಗೆ ಕಟ್ಟುವ ಹಗ್ಗವನ್ನೂ ಅವಳೇ ಹೊಸೆದಳು. ಪುಂಡಿ ನಾರನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಉರುಳಿಸುವುದು. ಚಿಕ್ಕಂದಿನಿಂದ ಉರುಳಿಸಿ ಉರುಳಿಸಿ ಆ ಜಾಗದ ಚರ್ಮ ಚಪ್ಪಲಿಯ ಅಟ್ಟೆಯ ಹಾಗೆ ಆಗಿತ್ತು.

ಮಂಜಿರಿ ಟೀಚರ್ ಕೊಡೆ ಹಿಡಿದು ನೋಡಲು ಬಂದರು.

"ನಿಮ್ಮ ಇಂಗ್ಲಿಷರು ಇಂಥಾ ಮನ್ಯಾಗ ಇದ್ರೇನ್ರಿ ಟೀಚರ?" ಜಾನಕಿಬಾಯಿ ಕೇಳಿದಳು.

"ಹೌದ್ರಿ. ಹಿಂಗೇ ಕಟಗಿ ಹೆಣದು ಮಣ್ಣ ಮೆತ್ತತಿದ್ರು. ಮ್ಯಾಲ ಹುಲ್ಲು. ಒಂದೇ ಖೋಲಿ. ಅದರಾಗೇ ಅಡಗಿ, ಅದರಾಗೇ ಮಲಗೋದು."

"ಮತ್ತ ನಮ್ಮ ಮನಿಗಿ ನನ್ನ ಮಗಳು ಪೂನಮನ್ನ ಕೇಳ್ಕೊಂಡು ಬಂದಾಗ ನೀವು ಮೂಗಿಗಿ ಸೆರಗು ಹಿಡದಿದ್ರಲ್ಲ?"

ಟೀಚರ ಮುಖ ಕೆಂಪಾಯಿತು. ಜಾನಕಿಬಾಯಿ ಜೋರಾಗಿ ನಕ್ಕಳು. "ಚ್ಯಾಷ್ಟಿ ಮಾಡ್ದೆರಿ, ಸಿಟ್ಟಾಗಬ್ಯಾಡ್ರಿ. ತಮ್ಮ ಊರ ಬಿಟ್ಟು ಅಲ್ಲಿಗಿ ಯಾಕ ಹೋದ್ರು ಅವರು?"

"ಕೆಲವರು ದೇವರ ಸಲುವಾಗಿ ಹೋದ್ರು. ರಾಜಾ ಹೇಳಿದಾಂಗ ಪೂಜಾ ಮಾಡಂಗಿಲ್ಲ ಅಂದ್ರು. ಕೆಲವರು ಬಂಗಾರ ಸಿಗ್ತದ ಅಂತ ಹೋದ್ರು. ಭಾಳ ಮಂದಿ ಹೊಟ್ಟಿ ಸಲುವಾಗಿ ಹೋದ್ರು. ಹೋದ ಹೊಸದಾಗ ಬಿತ್ಲಿಕ್ಕ ಬರಲಿಲ್ಲ. ಚಳಿಗೆ, ಹಸಿವಿಗೆ ಅರ್ಧಕ್ಕರ್ಧ ಸತ್ರು. ಬೂಟಿನ ಚರ್ಮ ಕುದಿಸಿ ತಿಂದವರೂ ಇದ್ರು."

"ಉಳದವರು ಹ್ಯಾಂಗ ಉಳದ್ರು?"

"ಅಲ್ಲಿ ಮೊದಲೇ ಇದ್ದ ಮಂದಿ ಮೆಕ್ಕಿಜೋಳ ಕೊಟ್ರು. ಬಿತ್ತೋದು ಕಲಿಸಿದ್ರು. ಬೀಜದ ಬಾಜೂಕ ಮೀನ ಹುಗದ್ರ ಬೆಳಿ ಛಲೋ ಬರ್ತದಂತ ತೋರಿಸಿದ್ರು."

"ಕೊಡಬಾರದಿತ್ತು," ಎಂದು ಜಾನಕಿಬಾಯಿ ಇನ್ನೊಂದು ಮುದ್ದೆ ಕೆಸರು ಎತ್ತಿ ಗೋಡೆಗೆ ಬಡಿದಳು. ಆಮೇಲೆ ತಾನೇ ತಿದ್ದಿಕೊಂಡಳು. "ಇಲ್ರಿ, ಬಿಡ್ರಿ. ಹಸದು ಬಂದವರಿಗಿ ಇಲ್ಲ ಅನ್ಲಿಕ್ಕಾಗ್ತದೇನು. ನಾವೂ ಕೊಟ್ಟೇವಿ."

ಹೌದು, ಕೊಟ್ಟಿದ್ದರು. ಈ ಶಾಲೆ ಬಂದಾಗ ನಾಲ್ಕು ತಗಡಿನ ಶೆಡ್ಡು ಬಿಟ್ಟರೆ ಏನೂ ಇರಲಿಲ್ಲ. ಬೋರು ಹಾಕಿಸಿದರೆ ಧೂಳು ಬಂತು. ಗೋವಿಂದರಾವ ಓಣಿಗೆ ಬಂದು ಜಾನಕಿಬಾಯಿಯ ಮುಂದೆ ಕೈ ಮುಗಿದು ನಿಂತರು. ಮಕ್ಕಳಿಗೆ ಕುಡಿಯಲು ನೀರಿಲ್ಲ, ತಾಯಿ, ಅಂದರು. ಆಗಿನ್ನೂ ಅವರು ತಾಯಿ ಅನ್ನುತ್ತಿದ್ದರು. ಓಣಿಯ ಹಿರಿಯರು ಕಲ್ಲು ಒಡೆದು ತೋಡಿದ ಬಾವಿ ಶಾಲೆಯ ಹಿಂದೆ ಇತ್ತು. ಊರ ಬಾವಿಗೆ ಹಗ್ಗ ಬಿಡಗೊಡದ ಕಾಲದಲ್ಲಿ ತೋಡಿದ್ದು. ಯಾವ ಬೇಸಿಗೆಯಲ್ಲೂ ಬತ್ತಿರಲಿಲ್ಲ. ಜಾನಕಿಬಾಯಿ ಎರಡು ಬೇಸಿಗೆ ಆ ನೀರನ್ನು ಶಾಲೆಯ ಹಂಡೆಗೆ ಹೊತ್ತು ಹಾಕಿದಳು. ಅದಕ್ಕೇ ಅವಳ ಮಗಳು ಪೂನಮಳಿಗೆ ಅಲ್ಲಿ ಫೀ ಇಲ್ಲದ ಜಾಗ ಸಿಕ್ಕಿತು. ಓಣಿಯಿಂದ ಆ ಶಾಲೆಗೆ ಹೋದವಳು ಅವಳೊಬ್ಬಳೇ.

ಶಾಲೆ ಬೆಳೆಯಿತು. ಮೊದಲು ತಂತಿ ಬಂತು. ಆಮೇಲೆ ಆಟದ ಮೈದಾನ ಬಂತು. ಬಾವಿಗೆ ಹೋಗುವ ಹಾದಿ ಮೈದಾನದ ನಡುವೆ ಬಿತ್ತು. ಈ ವರ್ಷ ಸಿಮೆಂಟ್ ಗೋಡೆ ಏಳತೊಡಗಿತು. ಓಣಿಯವರು ಹೋಗಿ ಕೇಳಿದರು. ಆ ಹಾದಿ ಹೋದರೆ ಬಾವಿಗೆ ಬೇರೆ ದಾರಿಯಿಲ್ಲ. ಸುತ್ತಲೂ ಬೇರೆಯವರ ಹೊಲ. ಯಾರೂ ಕಾಲಿಡಗೊಡುವುದಿಲ್ಲ. ಓಣಿಯ ನಳದಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಗೋವಿಂದರಾವ ಅಲ್ಲೇ ನಿಂತಿದ್ದ ಪೂನಮಳ ತಲೆಯ ಮೇಲೆ ಕೈ ಇಟ್ಟರು. "ಈ ಕೂಸಿನ ಆಣಿ. ಬಂಡಿ ಹೋಗುವಷ್ಟು ಹಾದಿ ಬಿಡ್ತೇನಿ. ಗೇಟ ಕೂಡಸ್ತೇನಿ. ಹಗಲೂರಾತ್ರಿ ತಗದೇ ಇರ್ತದ," ಅಂದರು.

ಗೌಂಡಿ ಖಾಜಾ ಮಿಯಾ ಬೀದರಿನ ಚಿದ್ರಿಯವನು. ಅವನು ಗೋಡೆ ಏರಿಸುತ್ತ ಬಂದು ಹಾದಿಯ ಎರಡೂ ಕಡೆ ಕಂಬ ನಿಲ್ಲಿಸಿ, ನಡುವೆ ಖಿಂಡಿ ಬಿಟ್ಟ. ಜಾನಕಿಬಾಯಿ ದಿನಾ ಕೊಡ ಹೊತ್ತು ಆ ಖಿಂಡಿಯಲ್ಲಿ ಹಾಯ್ದು ಹೋಗುವಾಗ ಕಂಬ ಮುಟ್ಟಿ ನೋಡುತ್ತಿದ್ದಳು. "ಗೇಟ ಯಾವಾಗ ಬರ್ತದೋ ಮಿಯಾ?" ಎಂದರೆ ಅವನು, "ಬೀದರದಾಗ ಬೆಸುಗಿ ನಡದದ ಬಾಯಿ. ಆತಾ ಹೈ, ಆತಾ ಹೈ," ಅನ್ನುತ್ತಿದ್ದ.

ಮಣ್ಣಿನ ಗೋಡೆ ಒಣಗಿತು. ಅವಳು ಕಬ್ಬಿನ ಸೋಗೆ ಹೊದಿಸಿದಳು. ಒಳಗೆ ಮೂಲೆಯಲ್ಲಿ ಒಲೆಯನ್ನೂ ಕಟ್ಟಿದಳು. ಟೀಚರ್ ಹೇಳಿದ್ದರು, ಇಂಗ್ಲಿಷರ ಮನೆಯಲ್ಲಿ ಒಲೆ ಇತ್ತು ಎಂದು. ಮಿದ್ದ ಮಣ್ಣಿನ ಮೂರು ಗುಂಡು, ಬೂದಿ ತೆಗೆಯಲು ಕೆಳಗೆ ಸಂದು. ಕೈ ರೂಢಿಯ ಮೇಲೆ ಹೋಯಿತು. ನಿಜವಾದ ಒಲೆಯೇ ಆಯಿತು.

"ಹಚ್ಚಬ್ಯಾಡ್ರಿ ಮತ್ತ," ಅಂದರು ಟೀಚರ್. "ಹೊಗಿ ಆಗ್ತದ."

"ಹಚ್ಚಂಗಿಲ್ರಿ. ನಮ್ಮ ಓಣ್ಯಾಗ ಕಟ್ಟಿದಾಕಿನೇ ಮೊದಲನೇ ಒಲಿ ಹಚ್ಚಬೇಕು. ಹಚ್ಚಿದ್ರ ಅದು ಮನಿ ಆಯ್ತು. ಒಂದು ಮಳಿಗಾಲ ಕಾಣೂತನಕ ಅದನ್ನ ಯಾರೂ ಕೆಡವಂಗಿಲ್ಲ. ಇದು ನಾಳಿ ಬಿಟ್ಟು ನಾಡದು ಕೆಡವೋದು. ಇದಕ್ಕ ಯಾಕ ಹಚ್ಚಲಿ?"

ಕೆಡವಿದ ಮೇಲೆ ಕಟ್ಟಿಗೆ ನೀನೇ ಒಯ್ಯಿ, ಉರುವಲಿಗೆ ಆಗುತ್ತದೆ ಎಂದು ಗೋವಿಂದರಾವ ಹೇಳಿದ್ದರು.

ಆ ಸಂಜೆ ಪೂನಮ ರೊಟ್ಟಿ ತಿನ್ನುತ್ತ ಪಾಠದ್ದೇ ಮಾತು ತೆಗೆದಳು. "ಅವ್ವಾ, ಟೀಚರ್ ನಾಟಕದಾಗ ಒಂದು ಬಿಟ್ಟಾರ. ಬುಕ್ಕಿನಾಗ ಅದ. ಆ ಇಂಗ್ಲಿಷರ ಊರಾಗ ದೊಡ್ಡ ದೊಡ್ಡ ಸಾಹುಕಾರ್ರು ಕುರಿ ಮೇಸ್ಲಿಕ್ಕ ಎಲ್ಲಾ ನೆಲಕ್ಕ ಬೇಲಿ ಹಾಕಿದ್ರಂತ. ಎಲ್ಲಾರೂ ದನಾ ಮೇಸೋ ಜಾಗ, ಹಾದಿ, ಎಲ್ಲಾ ಒಳಗ ಹಾಕ್ಕೊಂಡ್ರಂತ. ಬಡವರಿಗಿ ಕಾಲಿಡ್ಲಿಕ್ಕ ಜಾಗ ಉಳಿಲಿಲ್ಲ. ಅದಕ್ಕೂ ಹಡಗ ಹತ್ಯಾರ."

"ಹಡಗ ಹತ್ತಿ ಹೋಗಿ?"

"ಹೋಗಿ ಅಲ್ಲಿ ಬೇಲಿ ಹಾಕಿದ್ರು."

ಜಾನಕಿಬಾಯಿ ನಗು ತಡೆಯಲಾರದೆ ಕೆಮ್ಮಿದಳು. "ಅಯ್ಯ, ಅವರ ಬಾಯಾಗ ಮಣ್ಣ ಹಾಕಲಿ. ಹೊಡಸ್ಕೊಂಡ್ರೂ ಅದೇ ಕಲ್ತು ಬಂದಾರ ನೋಡು."

ಪೂನಮಳಿಗೆ ನಾಟಕದಲ್ಲಿ ಮೆಕ್ಕೆಜೋಳ ಕೊಡುವ ಹೆಂಗಸಿನ ಪಾತ್ರ. ಅವಳು ಕೇಳಿದ್ದು ಇಂಗ್ಲಿಷರ ನಾಯಕನದು. ಆ ಮಾತೆಲ್ಲ ಅವಳಿಗೆ ಬಾಯಿಪಾಠ ಇತ್ತು. ನಿನ್ನ ಬಣ್ಣಕ್ಕೆ ಇದೇ ಒಪ್ಪುತ್ತದೆ ಎಂದು ಶಾಲೆಯವರು ಹೇಳಿದರು. ನಾಯಕನ ಪಾತ್ರ ಗೋವಿಂದರಾವರ ಮೊಮ್ಮಗ ಮಯೂರನಿಗೆ ಹೋಯಿತು. ಅವನು ಮಾತು ಮರೆತಾಗಲೆಲ್ಲ ಪೂನಮಳೇ ಹಿಂದಿನಿಂದ ಹೇಳಿಕೊಡಬೇಕಿತ್ತು.

ಗ್ಯಾದರಿಂಗಿನ ಹಿಂದಿನ ದಿನ ಕೈಲಾಶ ಓಣಿಗೆ ಬಂದ. ಕೈಲಾಶ ಜಾನಕಿಬಾಯಿಯ ಮೈದುನ, ಶಾಲೆಯ ವ್ಯಾನ್ ಓಡಿಸುವವನು. ತಾಯಿ ಸತ್ತಾಗ ಅವನು ಮೂಗು ಒರೆಸಿಕೊಳ್ಳಲೂ ಬಾರದ ಕೂಸು. ಜಾನಕಿಬಾಯಿ ಹೊಸ ಸೊಸೆಯಾಗಿ ಬಂದವಳು ಅವನನ್ನು ಬಗಲಲ್ಲಿ ಕಟ್ಟಿಕೊಂಡು ಹಗ್ಗ ಹೊಸೆದಿದ್ದಳು.

"ವೈನಿ, ನಾಳಿ ಎಲ್ಲಾರೂ ಬರಬೇಕಂತ. ಸಾಹೇಬ್ರು ಹೇಳ್ಯಾರ. ಒಬ್ಬರೂ ಮನ್ಯಾಗ ಉಳೀಬಾರ್ದು. ನಿಮಗೂ ಖುರ್ಚಿ ಹಾಕಸ್ಯಾರ. ಊಟಾನೂ ಅಲ್ಲೇ. ಹುಗ್ಗಿ, ಪೂರಿ."

"ಖುರ್ಚಿ?" ಎಂದಳು ಬಾಜೂ ಮನೆಯ ಮುದುಕಿ. "ಹ್ವಾದ ವರ್ಷ ತಂತಿ ಹೊರಗ ನಿಂತು ನೋಡೇವಿ. ಈ ವರ್ಷ ಖುರ್ಚಿ ಯಾಕೋ ತಮ್ಮಾ?"

"ಗೇಟ ಬರ್ಲತ್ತದಲ್ಲ ಆಯಿ. ಅದರ ಖುಷಿಗಿ," ಅಂದ ಕೈಲಾಶ. ಅವನು ನೆಲ ನೋಡುತ್ತ ಹೇಳಿದ. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗಂಡಸರು ಹೆಚ್ಚಿನವರು ಊರಲ್ಲಿರಲಿಲ್ಲ. ಜಾನಕಿಬಾಯಿಯ ಗಂಡನೂ ಇರಲಿಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಹೆಂಗಸರು, ಮುದುಕರು, ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು, ಟ್ರಂಕಿನ ಸೀರೆ ಉಟ್ಟುಕೊಂಡು ಹೋದರು. ಖುರ್ಚಿ ನಿಜವಾಗಿಯೂ ಇದ್ದವು. ಪ್ಲಾಸ್ಟಿಕ್ಕಿನ ಕೆಂಪು ಖುರ್ಚಿ. ಮುದುಕಿ ಕುಳಿತು, ಎದ್ದು, ಮತ್ತೆ ಕುಳಿತು ನೋಡಿದಳು.

ಪ್ರತಿ ವರ್ಷ ಸ್ಟೇಜು ಈಗ ಗೋಡೆ ಎದ್ದ ಕಡೆ ಇರುತ್ತಿತ್ತು. ಈ ಸಲ ಎದುರು ಬದಿಗೆ ಹಾಕಿದ್ದರು. ಅದರ ಬಾಜೂಕೆ ಜಾನಕಿಬಾಯಿ ಕಟ್ಟಿದ ಮನೆ. ಕುಳಿತವರ ಬೆನ್ನು ಖಿಂಡಿಯ ಕಡೆಗೆ ಆಯಿತು. ಬೆನ್ನ ಹಿಂದೆ ಬಣ್ಣದ ಬಟ್ಟೆಯ ಕನಾತು ಬಿಗಿದಿದ್ದರು. ಬಿಸಿಲಿಗೆ ಅಂದರು. ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಓಣಿಯವರ ಕಿವಿಯ ಹತ್ತಿರವೇ ನಿಲ್ಲಿಸಿದ್ದರು. ಮಾತಾಡಿದರೆ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

ಭಾಷಣ ಆದವು. ಅತಿಥಿಗಳಿಗೆ ಶಾಲು ಹೊದಿಸಿದರು. ಇಂಥ ಮನೆಯನ್ನು ನಾನು ಮ್ಯೂಜಿಯಮ್ಮಿನಲ್ಲೂ ನೋಡಿಲ್ಲ ಎಂದು ಒಬ್ಬರು ಹೇಳಿದರು. ಕಟ್ಟಿದವಳ ಹೆಸರು ಯಾರೂ ಹೇಳಲಿಲ್ಲ. ಜಾನಕಿಬಾಯಿ ಅದಕ್ಕೆ ಕಾದಿರಲೂ ಇಲ್ಲ. ಅವಳು ಮಗಳಿಗೆ ಕಾದಿದ್ದಳು.

ನಾಟಕ ಶುರುವಾಯಿತು. ಮಾತೆಲ್ಲ ಇಂಗ್ಲಿಷಿನಲ್ಲಿ. ಆದರೂ ತಿಳಿಯುತ್ತಿತ್ತು. ಹಡಗು ಬಂತು. ಕರಿ ಟೋಪಿ ಹಾಕಿದ ಮಕ್ಕಳು ಇಳಿದು ಮೊಣಕಾಲೂರಿ ದೇವರಿಗೆ ಕೈ ಮುಗಿದವು. ಚಳಿಗೆ ನಡುಗಿದವು. ಒಂದೊಂದಾಗಿ ಬಿದ್ದು ಸತ್ತವು. ಬಿಳಿ ಬಟ್ಟೆ ಹೊದಿಸಿದರು. ಮುದುಕಿ ಕಣ್ಣು ಒರೆಸಿಕೊಂಡಳು. "ಎಂಥಾ ಹಾಲತ್ತು ಬಂದದ ನೋಡು ಪಾಪ," ಅಂದಳು.

ಪೂನಮ ಬುಟ್ಟಿ ಹೊತ್ತು ಬಂದಳು. ತಲೆಗೆ ಗರಿ ಕಟ್ಟಿದ್ದರು. ಬುಟ್ಟಿಯಲ್ಲಿ ನಿಜವಾದ ಮೆಕ್ಕೆಜೋಳದ ತೆನೆ. ಮಯೂರ ಮೊಣಕಾಲೂರಿ ಎರಡೂ ಕೈ ಚಾಚಿದ. ಅವಳು ಬಗ್ಗಿ ಬುಟ್ಟಿ ಕೊಡಬೇಕು. ಕೊಟ್ಟು, ಈ ನೆಲ ನಮ್ಮೆಲ್ಲರನ್ನೂ ಸಾಕುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಆಮೇಲೆ ಚಪ್ಪಾಳೆ.

ಪೂನಮ ಬಗ್ಗಲಿಲ್ಲ.

ಮಯೂರ ಕೈ ಚಾಚಿಯೇ ಇದ್ದ. ಮಂಜಿರಿ ಟೀಚರ್ ಪರದೆಯ ಮರೆಯಿಂದ ಮಾತು ಎತ್ತಿಕೊಟ್ಟರು. ಪೂನಮ ಎದುರಿಗೆ ನೋಡುತ್ತಿದ್ದಳು. ಕುಳಿತವರ ತಲೆಗಳ ಮೇಲಿನಿಂದ, ಕನಾತಿನ ಮೇಲಿನಿಂದ. ಸ್ಟೇಜು ಎತ್ತರ ಇತ್ತು. ಓಣಿಯವರಲ್ಲಿ ಆ ದಿಕ್ಕಿಗೆ ಮುಖ ಮಾಡಿದವಳು ಅವಳೊಬ್ಬಳೇ. ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಅವಳು ಮೈಕಿನ ಮುಂದೆ ಕೂಗಿದಳು.

"ಅವ್ವಾ! ಹಿಂದ ನೋಡು! ಖಿಂಡಿ ಮುಚ್ಚಲತ್ತಾರ!"

ಜಾನಕಿಬಾಯಿ ಎದ್ದು ಓಡಿದಳು. ಕನಾತು ಎಳೆದಳು. ಅದು ಹರಿದು ಬಂತು.

ಎರಡು ಕಂಬಗಳ ನಡುವೆ ಸಿಮೆಂಟ್ ಬ್ಲಾಕಿನ ಗೋಡೆ ಎದೆ ಮಟ್ಟ ಎದ್ದಿತ್ತು. ಗಾರೆ ಇನ್ನೂ ಹಸಿಯಾಗಿತ್ತು. ಖಾಜಾ ಮಿಯಾ ಕರಣಿ ಹಿಡಿದು ನಿಂತಿದ್ದ. ಅವನಿಗೆ ಬ್ಲಾಕು ಎತ್ತಿ ಕೊಡುತ್ತಿದ್ದವನು ಕೈಲಾಶ.

"ಮಿಯಾ, ಏನಿದು?"

ಖಾಜಾ ಮಿಯಾ ಕರಣಿ ಕೆಳಗಿಟ್ಟ. "ಓಣಿಯವರು ಒಪ್ಪ್ಯಾರ ಅಂದ್ರು ಬಾಯಿ. ತುಮ್ಹಾರಾ ಕೈಲಾಶ ಹೀ ಬೋಲ್ಯಾ. ಹೊಸಾ ಹಾದಿ ಕೊಟ್ಟಾರ ಅಂದ. ಖುದಾ ಕಸಮ್, ನಾ ಅದೇ ನಂಬಿ ಕಟ್ಟಿದೆ."

ಜಾನಕಿಬಾಯಿ ಮೈದುನನ ಕಡೆ ನೋಡಿದಳು. ಅವನ ಕೈ ಮೊಣಕೈತನಕ ಬೂದು ಬಣ್ಣ.

"ನನ್ನ ನೌಕರಿ, ವೈನಿ," ಅಂದ. "ಪರ್ಮನೆಂಟ ಮಾಡ್ತೇನಿ ಅಂದ್ರು."

ಅವಳು ಹೊಡೆಯಲಿಲ್ಲ. ಬೈಯಲೂ ಇಲ್ಲ.

ಗೋವಿಂದರಾವ ಶಾಲು ಸರಿಪಡಿಸಿಕೊಳ್ಳುತ್ತ ಬಂದರು. ದನಿ ತಗ್ಗಿಸಿ ಹೇಳಿದರು. "ಗದ್ದಲ ಮಾಡಬ್ಯಾಡ್ರಿ. ಮಂದಿ ಬಂದಾರ. ಮೊದಲ ಊಟ ಮಾಡ್ರಿ, ನಾಳಿ ಕುಂತು ಮಾತಾಡೋಣ."

"ನನ್ನ ಮಗಳ ತಲಿ ಮ್ಯಾಲ ಕೈ ಇಟ್ಟು ಹೇಳಿದ್ರಿ."

"ಆವಾಗ ಜಾಗದ ಕಾಗದ ಆಗಿರಲಿಲ್ಲ. ಈಗ ಆಗ್ಯಾದ."

"ಆಣಿ ಮಾಡಿದ್ರಿ."

"ಜಾನಕಿ, ಕಾನೂನ ಬ್ಯಾರೆ, ಆಣಿ ಬ್ಯಾರೆ. ಗೋಡಿಗಿ ಯಾರರ ಕೈ ಹಚ್ಚಿದ್ರ ಕೇಸ ಆಗ್ತದ. ಪೊಲೀಸರು ಇಲ್ಲೇ ಬಂದೋಬಸ್ತಿಗಿ ಅದಾರ." ಅವರು ಶಾಲೆಯ ಗೇಟಿನ ಕಡೆ ಕೈ ಮಾಡಿದರು. ಇಬ್ಬರು ಪೊಲೀಸರು ಪ್ಲೇಟಿನಲ್ಲಿ ಪೂರಿ ಹಿಡಿದು ತಿನ್ನುತ್ತಿದ್ದರು.

ಅವರ ಬಾಯಲ್ಲಿ ತಾಯಿ ಹೋಗಿ ಜಾನಕಿ ಆಗಿತ್ತು. ಓಣಿಯ ಮುದುಕಿ ಖುರ್ಚಿಯನ್ನು ಕಾಲಿನಿಂದ ಒದ್ದು ಬೀಳಿಸಿದಳು. "ಇದಕ್ಕೇನೋ ಖುರ್ಚಿ!" ಎಂದು ಕೂಗಿದಳು. ನಾಲ್ಕೈದು ಹೆಂಗಸರು ಗೋಡೆಯ ಕಡೆ ನುಗ್ಗಿದರು. ಪೊಲೀಸರು ಪ್ಲೇಟು ಇಟ್ಟು ಎದ್ದರು.

"ಬಿಡ್ರಿ," ಅಂದಳು ಜಾನಕಿಬಾಯಿ. "ಗೋಡಿ ಮುಟ್ಟಬ್ಯಾಡ್ರಿ. ಅವರಿಗಿ ಅದೇ ಬೇಕಾಗ್ಯಾದ."

ಅವಳು ತಿರುಗಿ ಮೈದಾನದ ನಡುವೆ ನಡೆದಳು. ಮುಳ್ಳು ಹೊಕ್ಕ ಕಾಲು ಎಳೆಯುತ್ತಿತ್ತು. ಅತಿಥಿಗಳು ಹಾದಿ ಬಿಟ್ಟರು. ಸ್ಟೇಜಿನ ಬಾಜೂಕೆ ತಾನು ಕಟ್ಟಿದ ಮನೆಯೊಳಗೆ ಬಗ್ಗಿ ಹೋದಳು. ಗೋಡೆಯ ಬದಿಗೆ ಬಿದ್ದಿದ್ದ ತೊಗರಿ ಕಟ್ಟಿಗೆಯ ತುಂಡು ಆರಿಸಿದಳು. ಸೋಗೆಯ ಒಂದು ಹಿಡಿ ಕಿತ್ತಳು. ಊಟದ ಪೆಂಡಾಲಿನಿಂದ ಯಾರೋ ಬೆಂಕಿಪೆಟ್ಟಿಗೆ ತಂದುಕೊಟ್ಟರು.

ಒಲೆ ಹತ್ತಿತು.

ಮೊದಲು ಹೊಗೆ ಬಂತು. ಸೋಗೆಯ ಸಂದಿಯಿಂದ ಮೇಲೆದ್ದು ಸ್ಟೇಜಿನ ಬಣ್ಣದ ಕಾಗದದ ಮೇಲೆ ಹರಿಯಿತು. ಫೋಟೋಕ್ಕೆ ನಿಂತವರು ಕೆಮ್ಮುತ್ತ ಹಿಂದೆ ಸರಿದರು. ಪೂನಮ ಗರಿ ಕಿತ್ತೆಸೆದು ಸ್ಟೇಜಿನಿಂದ ಜಿಗಿದು ಬಂದಳು. ಬುಟ್ಟಿ ಅವಳ ಕೈಯಲ್ಲೇ ಇತ್ತು. ಅವ್ವನ ಮಗ್ಗುಲಲ್ಲಿ ಕುಳಿತು ಒಂದು ತೆನೆ ಸುಲಿದು ಕೆಂಡದ ಅಂಚಿಗೆ ಇಟ್ಟಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದರು. ಜಾಗ ಸಾಲದವರು ಬಾಗಿಲ ಮುಂದೆ ನೆಲದ ಮೇಲೆ ಕುಳಿತರು. ಖುರ್ಚಿಗಳು ಖಾಲಿ ಉಳಿದವು.

ಗೋವಿಂದರಾವ ಬಾಗಿಲಿಗೆ ಬಂದರು. ಈಗ ದನಿ ತಗ್ಗಿರಲಿಲ್ಲ. "ಏಯ್, ಏನ್ ನಡಸೀರಿ? ಏಳ್ರಿ! ಇದು ನಾಟಕದ ಮನಿ!"

"ನಾಟಕ ನೀವು ಮಾಡಿದ್ರಿ," ಅಂದಳು ಜಾನಕಿಬಾಯಿ. "ನಾ ಮನಿ ಕಟ್ಟೀನಿ. ಒಲಿ ಹಚ್ಚೀನಿ. ಮಳಿಗಾಲ ಕಾಣೂತನಕ ಇದನ್ನ ಯಾರೂ ಕೆಡವಂಗಿಲ್ಲ."

"ಯಾವ ಕಾನೂನಾಗ ಅದ?"

"ನಮ್ಮದರಾಗ. ನೀವು ನೀರ ಕುಡದ ಬಾವಿ ಯಾವ ಕಾನೂನಾಗ ಇತ್ತು, ಅದರಾಗೇ."

ಅವರು ಟೀಚರ ಕಡೆ ತಿರುಗಿದರು. "ನೀವರ ಹೇಳ್ರಿ ಮ್ಯಾಡಮ್ ಇಕಿಗಿ."

ಮಂಜಿರಿ ಟೀಚರ್ ಬಾಗಿಲ ಹತ್ತಿರ ಬಂದರು. ಕೈಯಲ್ಲಿದ್ದ ನಾಟಕದ ಹಾಳೆಗಳನ್ನು ಸುರುಳಿ ಸುತ್ತಿದರು.

"ಟೀಚರ," ಅಂದಳು ಜಾನಕಿಬಾಯಿ. "ಜೋಳ ಕೊಟ್ಟವರು ಕಡಿಕಿ ಏನಾದ್ರು? ಅದು ನಾಟಕದಾಗ ಅದ ಏನ್ರಿ?"

"ಇಲ್ರಿ," ಅಂದರು ಟೀಚರ್. "ನಾ ಬರದಿಲ್ಲ." ಅವರು ಅಲ್ಲಿಂದ ಕದಲಲಿಲ್ಲ. ಒಳಗೂ ಬರಲಿಲ್ಲ.

ಬಿಸಿಲು ಇಳಿಯುತ್ತ ಬಂತು. ಬೀದರಿನ ಕಾರುಗಳು ಹೊರಟವು. ಪೊಲೀಸರು ಒಮ್ಮೆ ಗದರಿಸಿ, ಮಹಿಳಾ ಪೊಲೀಸರು ಬರಲಿ ಎಂದು ಫೋನ್ ಮಾಡಿ, ಗೇಟಿನಲ್ಲಿ ನಿಂತರು. ಹಸಿ ಗೋಡೆಯ ಮೇಲೆ ಖಾಜಾ ಮಿಯಾ ಇನ್ನೊಂದು ಬ್ಲಾಕು ಇಡಲಿಲ್ಲ. ಸಾಮಾನು ಚೀಲದಲ್ಲಿ ತುಂಬಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ. ಕಟ್ಟಿದ್ದನ್ನು ಕೆಡವಲೂ ಇಲ್ಲ.

ಕೈಲಾಶ ಮಾತ್ರ ಮನೆಯ ಬಾಗಿಲಿಗೆ ಬಂದ. ಕೈ ತೊಳೆದುಕೊಂಡಿದ್ದ. ಉಗುರಿನ ಸಂದಿಯಲ್ಲಿ ಸಿಮೆಂಟ್ ಹಾಗೇ ಇತ್ತು.

"ವೈನಿ, ಏಳು. ಪೂನಮಂದು ಸಾಲಿ ಹೋಗ್ತದ. ಹೆಸರ ಕಡೀತೇನಿ ಅನ್ಲತ್ತಾರ. ನಿನ್ನ ಕಾಲ ಬೀಳ್ತೇನಿ."

ಪೂನಮ ಒಲೆಯಿಂದ ತಲೆ ಎತ್ತಲಿಲ್ಲ. "ಕಡೀಲಿ ಕಾಕಾ," ಅಂದಳು. ತೆನೆಯನ್ನು ಹೊರಳಿಸಿದಳು. ಅವಳ ಕಣ್ಣಲ್ಲಿ ನೀರು ಇತ್ತು. ಹೊಗೆಗೆ ಬಂದದ್ದಲ್ಲ.

ಜಾನಕಿಬಾಯಿ ಮೈದುನನನ್ನು ನೋಡಿದಳು. ಬಗಲಲ್ಲಿ ಕಟ್ಟಿಕೊಂಡು ತಿರುಗಿದ ಕೂಸು. ಆ ಕೂಸಿಗೆ ಅವಳು ಕುಡಿಸಿದ ನೀರು ಆ ಬಾವಿಯದೇ. ಅವಳು ಎದ್ದು ಯಾರದೋ ಖಾಲಿ ಕೊಡ ತೆಗೆದು ಅವನ ಕೈಗೆ ಕೊಟ್ಟಳು.

"ಇಷ್ಟು ಮಂದಿ ಕುಂತೇವಿ. ಕುಡೀಲಿಕ್ಕ ನೀರ ಇಲ್ಲ. ಹೋಗು, ಬಾವಿಲಿಂದ ತಗೊಂಡು ಬಾ."

ಕೈಲಾಶ ಕೊಡ ಹಿಡಿದು ಖಿಂಡಿಯ ಕಡೆ ತಿರುಗಿದ. ಅಭ್ಯಾಸದ ಮೇಲೆ ನಾಲ್ಕು ಹೆಜ್ಜೆ ನಡೆದ. ನಿಂತ.

ಅವನ ಮುಂದೆ ಗೋಡೆ ಇತ್ತು.